ತಾಳ್ಮೆಯ ಚಂದಾ

'ಫಕೀರೇಶ, ಏಳನೇ ಕ್ಲಾಸೂ ದಾಟದ ನಿನಗೆ ನಾವಿಲ್ಲದೆ ಯಾರು ಕೆಲಸ ಕೊಡುತ್ತಾರೆ?'

ಪಂಕ್ಚರ್ ಅಂಗಡಿಗೆಲ್ಲ ಕೇಳುವಂತೆ ನನ್ನ ಫೋನು ತಾಳ್ಮೆ ಕಂಪನಿಯ ಇಮೇಲ್ ಓದಿತು. ಶಾಲೆ ಬಿಟ್ಟವರಿಗೆ ಕಂಪನಿ ಗಟ್ಟಿಯಾಗಿಯೇ ಓದಿಸುತ್ತದೆ. ಟೈರ್ ಬಿಚ್ಚುತ್ತಿದ್ದ ಬುಡನ್‌ಸಾಬ್ ಕಿಸಕ್ಕನೆ ನಕ್ಕ, ಗಿರಾಕಿಗಳೂ ನಕ್ಕರು.

ನಾನು ತಾಳ್ಮೆಯ ಚಂದಾ ನಿಲ್ಲಿಸಿ ಏಳು ದಿನವಾಗುತ್ತ ಬಂದಿತ್ತು. ಊರಲ್ಲಿ ಕೂಲಿ ಮಾಡುವವರೆಲ್ಲ ಅದನ್ನು ಹಾಕಿಸಿಕೊಂಡವರೇ. ಕಿವಿಯ ಹಿಂದೆ ಒಂದು ಬಿಲ್ಲೆ ಅಂಟಿಸಿಕೊಂಡರೆ ಸಿಟ್ಟೇ ಬರುವುದಿಲ್ಲ. ಹೋದ ವಾರ ಕೂಲಿ ಕೊಡುವ ಸಾಹುಕಾರ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದಾಗ ನಾನು ನಕ್ಕು 'ಆಯ್ತಣ್ಣ' ಅಂದಿದ್ದೆ. ಅವತ್ತೇ ಬಿಲ್ಲೆ ಕಿತ್ತೆಸೆದೆ. ನಿಲ್ಲಿಸುವ ಕಾರಣವೇನು ಎಂದು ಕಂಪನಿ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ, ಅದೊಂದು ತಪ್ಪಾಯಿತು.

ನಿಲ್ಲಿಸಿದ ಮೇಲೆ ಏಳು ದಿನ ಅವರ ಯಂತ್ರ ಬರೆಯುವ ಇಮೇಲ್ ಕೇಳಲೇಬೇಕು. ಫೋನಿಗೆ ಬಾಯಿಬಿಟ್ಟು ಬೈದು ಉತ್ತರ ಕೊಟ್ಟರೂ ಒಪ್ಪಿಗೆ ಕೊಟ್ಟಂತೆಯೇ, ಚಂದಾ ಮತ್ತೆ ಶುರು.

'ಲೇ, ಸುಮ್ನ ಹೂಂ ಅಂದ್ಬಿಡೋ. ಸಿಟ್ಟು ಇಟ್ಕೊಂಡು ಏನ್ ಮಾಡ್ತಿ, ಉಪ್ಪಿನಕಾಯಿ ಹಾಕ್ತಿಯೇನು?' ಎಂದ ಬುಡನ್‌ಸಾಬ್. ಅವನ ಕಿವಿಯ ಹಿಂದೆ ಬಿಲ್ಲೆ ಮಿನುಗುತ್ತಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಎರಡು ನಿಮಿಷ ಉಳಿದಿರುವಾಗ ಕೊನೆಯ ಇಮೇಲ್ ಬಂತು. ಈ ಸಲ ದನಿ ಮೆತ್ತಗಿತ್ತು.

'ಫಕೀರೇಶ, ಅವತ್ತು ಹೊಡೆದಾಗ ತುಂಬಾ ನೋವಾಯಿತೇನಪ್ಪ?'

ಇಡೀ ಊರಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೊಂದೇ. ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿದೆ. ಫೋನನ್ನು ಟೈರಿನ ಮೇಲಿಟ್ಟು ರಸ್ತೆಗಿಳಿದು ನಡೆದೆ. ಹಿಂದೆ ಅದು ಇನ್ನೂ ಅದೇ ಪ್ರಶ್ನೆ ಕೇಳುತ್ತಲೇ ಇತ್ತು.