ಬೇವಿನ ಬುಡದ ಮೈಲಾರ

"ಯಾರ ಮನಿ ದೇವರು ಇದು? ಹೊರಗ ಬರ್ರಿ!" ಇಡೀ ಓಣಿಗೆ ಕೇಳುವಂತೆ ಮಲ್ಲೇಶ್ವರಿ ಕೂಗಿದಳು. ಗಾಜು ಒಡೆದ ಮೈಲಾರನ ಫೋಟೊ ಅವಳ ಕೈಯಲ್ಲಿತ್ತು. ನಾರಾಯಣಪೇಟೆ ಜಿಲ್ಲೆಯಾದ ವರ್ಷದಿಂದ ಪ್ರತಿ ಭಾನುವಾರ ಅವಳೂ ಗೆಳತಿ ರಜಿತಾಳೂ ಓಣಿಯ ಕಸ ಹೆಕ್ಕುತ್ತಿದ್ದರು. ಬೇವಿನ ಬುಡದಲ್ಲಿ ಮಾತ್ರ ವಾರವಾರವೂ ಒಡೆದ ದೇವರುಗಳು ಬಂದು ಕೂರುತ್ತಿದ್ದವು. ಇವತ್ತು ಆ ಗಾಜು ಗ್ಲೌಸು ಸೀಳಿ ರಜಿತಾಳ ಅಂಗೈ ಕೊಯ್ದಿತ್ತು.

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಸಿಟ್ಟು ನೆತ್ತಿಗೇರಿ ಅವಳು ಫೋಟೊ ತಿರುಗಿಸಿದಳು. ಹಿಂದಿನ ರಟ್ಟಿನ ಮೇಲೆ ಅವಳದೇ ಮದುವೆಯ ತಾರೀಖಿತ್ತು, ಕೆಳಗೆ ಉಡುಗೊರೆ ಕೊಟ್ಟ ಸೋದರಮಾವನ ಹೆಸರು. ಅಟ್ಟ ಸೇರಿದ ಮೇಲೆ ಆ ಫೋಟೊವನ್ನು ಅವಳು ಮರೆತೇಬಿಟ್ಟಿದ್ದಳು.

ತೆರೆದೇ ಉಳಿದಿದ್ದು ಅವಳ ಮನೆಯ ಬಾಗಿಲು. ಹೊಸ್ತಿಲಲ್ಲಿ ಅತ್ತೆ ಆಶಮ್ಮ ನಿಂತಿದ್ದಳು. "ಒಡದ ದೇವ್ರನ್ನ ಮನ್ಯಾಗ ಇಟ್ಕೋಬಾರ್ದವ್ವ. ನಾ ಏನ್ ಒಗದಿಲ್ಲ, ಕೈಮುಗದು ಬಿಟ್ಟು ಬಂದೀನಿ."

"ಬಿಟ್ಟು ಬಂದೀರಿ? ರಜಿತಾನ ರಕ್ತ ನೋಡ್ರಿ! ಈಗ ನಿಮ್ಮ ಕೈಯಾರೆ ಈ ಕಸದ ಚೀಲದಾಗ ಹಾಕ್ರಿ!"

ಆಶಮ್ಮ ಕದಲಲಿಲ್ಲ. ಮಲ್ಲೇಶ್ವರಿ ತಾನೇ ಫೋಟೊವನ್ನು ಚೀಲದ ಬಾಯಿಗೆ ಒಯ್ದಳು. ಒಳಗೆ ಗುಟ್ಕಾ ಚೀಟಿ, ಬೀರಿನ ಬಾಟಲಿ, ಕೊಳೆತ ಅನ್ನ. ಕೈ ಅಲ್ಲೇ ನಿಂತುಬಿಟ್ಟಿತು. ಹಲ್ಲು ಕಡಿಯುತ್ತಲೇ ಅವಳು ಮೈಲಾರನನ್ನು ಮತ್ತೆ ಬೇವಿನ ಬುಡಕ್ಕೇ ಒರಗಿಸಿದಳು. ಗ್ಲೌಸು ಹಾಕಿದ ಕೈಗಳೆರಡೂ ಅವಳನ್ನು ಕೇಳದೆಯೇ ಮುಗಿದವು.