ಅಜ್ಜಾರಿಗೆ ಹೊಸ ಡಿಸ್ಕ್

ಹಳೆಯ ಡಿಸ್ಕ್ ತೆಗೆಸಿದರೆ ಅಜ್ಜಾರು ತನ್ನನ್ನು ಮರೆತೇಬಿಡುತ್ತಾರೇನೋ ಎಂದು ವಸುಧಾ ಒಳಗೊಳಗೇ ಅಳುಕುತ್ತಿದ್ದಳು. ಹತ್ತು ವರ್ಷ ದಾಟಿದ ಕಂಪ್ಯೂಟರನ್ನು ಗದಗಿನವರು ಅಜ್ಜಾರು ಎಂದೇ ಕರೆಯುತ್ತಾರೆ. ಅವರನ್ನು ಕೇಳದೆ ಯಾರೂ ಬಿಚ್ಚುವುದಿಲ್ಲ.

ರಿಪೇರಿಯ ಫಕೀರೇಶಣ್ಣ ಕೈಮುಗಿದು ಕೇಳಿದ: "ಏನೇನ ಹಾಕ್ಲಿರಿ ಅಜ್ಜಾರ?"

"ರ‍್ಯಾಮ್ ಹಾಕಪಾ, ತೇಕು ಹತ್ತೈತಿ," ಎಂದರು ಅಜ್ಜಾರು. "ಫ್ಯಾನ್ ಇರ್ಲಿ, ನನ್ನ ಗೊರಕಿ ಕೇಳಲಿಲ್ಲಂದ್ರ ಈ ಹುಡುಗಿಗೆ ಡೈರಿ ಬರಿಯಾಕ ಆಗಂಗಿಲ್ಲ. ಡಿಸ್ಕಿಂದು ಆಕಿನ್ನ ಕೇಳು. ಹೂಂ ಅನ್ನೂದು ಬಿಟ್ರ ಆಕಿಗೇನೂ ಬರಂಗಿಲ್ಲ."

ಫಕೀರೇಶಣ್ಣ ನಕ್ಕು ಅವಳತ್ತ ತಿರುಗಿದ. "ಹೊಸಾದು ಹಾಕಿದ್ರ ಚುರುಕಾಗ್ತಾರವಾ, ಹಳೇ ನೆನಪಷ್ಟ ಹೋಗ್ತಾವ. ಹಾಕ್ಲೇನು?"

ರೂಢಿಯಂತೆ ವಸುಧಾಳ ತಲೆ ಅರ್ಧ ಆಡಿತ್ತು. ಅಷ್ಟರಲ್ಲಿ ಬಾಯಿಯೇ ತೆರೆಯಿತು.

"ಬ್ಯಾಡಣ್ಣಾ. ನನ್ನ ಜೋಡಿ ಮಾತಾಡೋರು ಇವರೊಬ್ಬರ."