ಚೀಟಿಯ ಮೇಲಿನ ಹೆಬ್ಬೆರಳು

ಕಾಡಂಚಿನ ಹಾಡಿಯ ಹುಡುಗ ಕೇತನ ಹಳೆಯ ಚೀಟಿ ಕೈಗೆ ಸಿಕ್ಕಿದೊಡನೆ ಆಸ್ಪತ್ರೆಯ ಗುಮಾಸ್ತ ನೀಲಕಂಠಸ್ವಾಮಿ ಅದರ ಮೂಲೆಯ ನಂಬರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ.

ಡಾಕ್ಟರು ಬರೆದ ರೋಗಕ್ಕೆ ಪುಸ್ತಕ ನೋಡಿ ನಂಬರು ಹಾಕುವುದು ಅವನ ಕೆಲಸ. ಆ ನಂಬರು ನೋಡಿಯೇ ರಕ್ತಪರೀಕ್ಷೆಗೆ ಮೈಸೂರಿಗೆ ಕಳಿಸುತ್ತಿದ್ದರು. ‘ವಂಶದಿಂದ ಬಂದ ರಕ್ತದ ಕಾಯಿಲೆಯೇ? ಪರೀಕ್ಷಿಸಿ’ ಎಂದು ಡಾಕ್ಟರು ಬರೆದಿದ್ದರೂ, ಹಾಡಿಯ ಮಕ್ಕಳಿಗೆಲ್ಲ ಹಾಕುವಂತೆ, ಪುಸ್ತಕ ತೆರೆಯದೆ ಇವನು ಬರೀ ರಕ್ತಹೀನತೆಯ ನಂಬರು ಹಾಕಿದ್ದ. ಕೀಲುನೋವೆಂದು ಬಂದಿದ್ದ ಕೇತನಿಗೆ ಸಿಕ್ಕಿದ್ದು ಕಬ್ಬಿಣದ ಮಾತ್ರೆ. ಮೂರೇ ತಿಂಗಳಿಗೆ ಹುಡುಗ ತೀರಿಕೊಂಡ.

ಈಗ ಅವನ ತಂಗಿ ನಿಂಗಿಗೂ ಅದೇ ಕೀಲುನೋವು. ಅವಳನ್ನು ಎತ್ತಿಕೊಂಡಿದ್ದ ತಾಯಿ ಜೋಗಮ್ಮ ಮೆಲ್ಲಗೆ ಅಂದಳು: “ಆವತ್ತು ಎಲ್ಡು ಮಾತ್ರೆ ತಪ್ಪೋಗಿತ್ತು ಸಾಮಿ. ಅದ್ಕೇ ಮಗ ಉಳೀನಿಲ್ಲ. ಇವ್ಳಿಗೆ ಒಂದೂ ತಪ್ಪಿಸಾಕಿಲ್ಲ.”

ನೀಲಕಂಠಸ್ವಾಮಿ ಹೆಬ್ಬೆರಳು ತೆಗೆದು ಚೀಟಿಯನ್ನು ಅವಳ ಮುಂದೆ ಹಿಡಿದ. ಜೋಗಮ್ಮನಿಗೆ ಓದು ಬರುತ್ತಿರಲಿಲ್ಲ.